ಡಿಜಿಟಲ್ ಎಕ್ಸ್‌ರೇ: ಬೇಕಾದಷ್ಟು ಸ್ಪಷ್ಟತೆ, ಅದಕ್ಕೆ ತಕ್ಕಷ್ಟೇ ವಿಕಿರಣ

ಡಾರ್ಕ್‌ರೂಮಿನ ಕಾಲದಲ್ಲಿ ವಿಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬಿಳಿಚಿಕೊಳ್ಳುತ್ತಿತ್ತು. ತಪ್ಪು ಎರಡೂ ಕಡೆ ಕಣ್ಣಿಗೆ ಕಾಣುತ್ತಿತ್ತು. ಡಿಜಿಟಲ್ ಯಂತ್ರದಲ್ಲಿ ಆ ಎಚ್ಚರಿಕೆ ಅರ್ಧಕ್ಕೆ ಅರ್ಧ ಮಾಯವಾಗಿದೆ. ಬೇಕಾದುದಕ್ಕಿಂತ ನಾಲ್ಕು ಪಟ್ಟು ವಿಕಿರಣ ಕೊಟ್ಟರೂ ಸಾಫ್ಟ್‌ವೇರ್ ಚಿತ್ರವನ್ನು ಹದವಾದ ಕಪ್ಪು-ಬಿಳುಪಿಗೆ ತಂದು ನಿಲ್ಲಿಸುತ್ತದೆ. ಅದು ಎಂದಿಗಿಂತ ನುಣುಪಾಗಿಯೂ ಕಾಣುತ್ತದೆ. ಕಡಿಮೆ ಕೊಟ್ಟಾಗ ಮಾತ್ರ ಚಿತ್ರ ಕಾಳುಕಾಳಾಗಿ, ವೈದ್ಯರಿಂದ ಮಾತು ಕೇಳಬೇಕಾಗುತ್ತದೆ. ಹೆಚ್ಚು ಕೊಟ್ಟವರನ್ನು ಯಾರೂ ಗದರಿಸುವುದಿಲ್ಲ. ಹೀಗಾಗಿ ತಿಂಗಳುಗಳು ಉರುಳಿದಂತೆ ಎಂಎಎಸ್, ಅಂದರೆ ಟ್ಯೂಬಿನಿಂದ ಹೊರಡುವ ಕಿರಣಗಳ ಪ್ರಮಾಣದ ಅಂಕಿ, ಮೆಲ್ಲಮೆಲ್ಲನೆ ಮೇಲೇರುತ್ತದೆ. ಇದಕ್ಕೆ ಡೋಸ್ ಕ್ರೀಪ್ ಎಂಬ ಹೆಸರಿದೆ.

ಮಂಗಳೂರು, ಉಡುಪಿಯ ದೊಡ್ಡ ಆಸ್ಪತ್ರೆಗಳಲ್ಲಿ ಭೌತವಿಜ್ಞಾನಿಗಳಿರುತ್ತಾರೆ, ಮಣಿಪಾಲ ಮತ್ತು ದೇರಳಕಟ್ಟೆಯಲ್ಲಿ ಈ ವಿದ್ಯೆಯನ್ನು ಕಲಿಸುವ ಕಾಲೇಜುಗಳಿವೆ. ಆದರೆ ಕುಂದಾಪುರದಿಂದ ಉಳ್ಳಾಲದವರೆಗೆ ಎಷ್ಟೋ ಸಣ್ಣ ಕೇಂದ್ರಗಳಲ್ಲಿ ಒಬ್ಬರೇ ಟೆಕ್ನೀಷಿಯನ್ ಬೆಳಗಿನಿಂದ ರಾತ್ರಿಯವರೆಗೆ ಎಲ್ಲವನ್ನೂ ನಿಭಾಯಿಸುತ್ತಾರೆ. ಈ ಮಾರ್ಗದರ್ಶಿ ಮುಖ್ಯವಾಗಿ ಅವರಿಗಾಗಿ.

ಮೊದಲು ಲೆಕ್ಕ ಸರಿಯಾಗಿ ತಿಳಿಯೋಣ. ಎದೆಯ ಒಂದು ಪಿಎ (ಬೆನ್ನಿನ ಕಡೆಯಿಂದ ಕಿರಣ ಹಾಯಿಸುವ) ಎಕ್ಸ್‌ರೇಯಿಂದ ಬರುವ ಪರಿಣಾಮಕಾರಿ ಡೋಸ್, ಅಂದರೆ ಇಡೀ ದೇಹದ ಲೆಕ್ಕಕ್ಕೆ ತಂದ ವಿಕಿರಣ, ಸುಮಾರು 0.02 ಮಿಲಿಸೀವರ್ಟ್. ಭೂಮಿಯ ಮೇಲೆ ಬದುಕುವ ಸರಾಸರಿ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಸಿಗುತ್ತದೆ. ಅಂದರೆ ಎದೆಯ ಎಕ್ಸ್‌ರೇ ಮೂರು ದಿನದ ಸಹಜ ವಿಕಿರಣಕ್ಕೆ ಸಮ. ಸೊಂಟದ ಬೆನ್ನೆಲುಬಿನ ಪರೀಕ್ಷೆಗೆ ಇದೇ ಅಂಕಿ ಸುಮಾರು 1.5 ಮಿಲಿಸೀವರ್ಟ್, ಎದೆಯ ಎಕ್ಸ್‌ರೇಯ 75 ಪಟ್ಟು. ಹೊಟ್ಟೆ ಮತ್ತು ಪೆಲ್ವಿಸ್ (ಸೊಂಟದ ಕೆಳಗಿನ ಬಟ್ಟಲಾಕಾರದ ಎಲುಬು) ಇವೆರಡರ ನಡುವೆ ಬರುತ್ತವೆ. ಕೈಕಾಲುಗಳದ್ದು ತೀರಾ ಅಲ್ಪ. ಆದ್ದರಿಂದ ಸುಧಾರಣೆಯನ್ನು ಸೊಂಟ, ಪೆಲ್ವಿಸ್ ಮತ್ತು ಹೊಟ್ಟೆಯಿಂದ ಶುರುಮಾಡಿ. ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತದವರು, ಬಹುಕಾಲ ಬಗ್ಗಿ ದುಡಿದು ಸೊಂಟ ಹಿಡಿದವರು ನಮ್ಮಲ್ಲಿ ಸಾಲುಗಟ್ಟಿ ಬರುವುದೂ ಇದೇ ಪರೀಕ್ಷೆಗಳಿಗೆ.

1. ಚೀಟಿಯಲ್ಲಿರುವ ಪ್ರಶ್ನೆಯನ್ನು ಓದಿ

ವೈದ್ಯರ ಚೀಟಿಯಲ್ಲಿ ಯಾವ ಭಾಗ ಎಂದಷ್ಟೇ ಬರೆದಿದ್ದರೆ ಏಕೆ ಎಂದು ಕೇಳಿ ತಿಳಿಯಿರಿ. ಎಷ್ಟು ಸ್ಪಷ್ಟತೆ ಬೇಕು ಎಂಬುದನ್ನು ತೀರ್ಮಾನಿಸುವುದು ಆ ಪ್ರಶ್ನೆ. ಮಗು ನಾಣ್ಯ ನುಂಗಿದೆ, ಎಲ್ಲಿದೆ ನೋಡಬೇಕು ಎಂದಾದರೆ ಸ್ವಲ್ಪ ಕಾಳುಕಾಳಾದ ಚಿತ್ರವೂ ಸಾಕು. ಲೋಹ ಅದರಲ್ಲೂ ಎದ್ದು ಕಾಣುತ್ತದೆ. ಮೂಗಿನಿಂದ ಹಾಕಿದ ನಳಿಕೆಯ ಸ್ಥಾನ, ಬೆನ್ನಿನ ಡೊಂಕಿನ ಕೋನ ಅಳೆಯುವ ಮರುಪರೀಕ್ಷೆ ಇವೂ ಹಾಗೆಯೇ. ಮಣಿಕಟ್ಟಿನ ಸ್ಕೇಫಾಯ್ಡ್ ಎಲುಬಿನ ಕೂದಲೆಳೆಯ ಬಿರುಕು ಹುಡುಕುವಾಗ ಅಥವಾ ಶ್ವಾಸಕೋಶದ ನವಿರಾದ ಜಾಲದಂಥ ಬದಲಾವಣೆ ನೋಡುವಾಗ ಹೆಚ್ಚಿನ ಗುಣಮಟ್ಟ ಬೇಕೇ ಬೇಕು. ಅಲ್ಲಿ ಜಿಪುಣತನ ಮಾಡಿದರೆ ಕೊಟ್ಟ ಅಲ್ಪ ವಿಕಿರಣವೂ ವ್ಯರ್ಥ.

ನಮ್ಮ ಕರಾವಳಿಯದೇ ಒಂದು ಉದಾಹರಣೆ: ಗಂಟಲಿನಲ್ಲಿ ಮೀನಿನ ಮುಳ್ಳು. ಹಲವು ಮೀನುಗಳ ತೆಳು ಮುಳ್ಳಿನಲ್ಲಿ ಎಕ್ಸ್‌ರೇಯನ್ನು ತಡೆಯುವಷ್ಟು ಸುಣ್ಣವೇ ಇರುವುದಿಲ್ಲ. ಅಂಥದ್ದು ಕಾಣಲಿಲ್ಲವೆಂದು ಎಂಎಎಸ್ ಏರಿಸಿ ಮತ್ತೆ ತೆಗೆದರೆ ಮತ್ತೂ ಕಾಣುವುದಿಲ್ಲ. ಮೊದಲ ಚಿತ್ರ ಸರಿಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಇಎನ್‌ಟಿ ವೈದ್ಯರು ಗಂಟಲನ್ನೇ ನೋಡಲಿ.

ಕೊಲ್ಲಿ ದೇಶಗಳ ಕೆಲಸಕ್ಕೆ ಹೊರಟವರ ವೈದ್ಯಕೀಯ ತಪಾಸಣೆಗೆ ಎದೆಯ ಎಕ್ಸ್‌ರೇ ಕಡ್ಡಾಯ. ಆದರೆ ಅಧಿಕೃತ ತಪಾಸಣೆಗೆ ಮುನ್ನ ಒಮ್ಮೆ ನೋಡಿಬಿಡೋಣ ಎಂದು ಬರುವ ಯುವಕರೂ ಇದ್ದಾರೆ. ಕೆಮ್ಮು, ಜ್ವರ, ಹಿಂದೆ ಕ್ಷಯ ಬಂದ ಚರಿತ್ರೆ ಏನೂ ಇಲ್ಲದಿದ್ದರೆ ವೈದ್ಯರ ಸಲಹೆಯಿಲ್ಲದೆ ತೆಗೆಯಬೇಡಿ. ಹಳೆಯ ಚಿತ್ರಗಳಿದ್ದರೆ ತರಲು ಹೇಳಿ. ನಮ್ಮ ಜನ ಹತ್ತು ವರ್ಷದ ಫಿಲ್ಮನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಎಷ್ಟೋ ಸಲ ಹೊಸ ಎಕ್ಸ್‌ರೇಯ ಅಗತ್ಯವೇ ಅಲ್ಲಿಗೆ ಮುಗಿಯುತ್ತದೆ.

ಗರ್ಭ ಧರಿಸುವ ವಯಸ್ಸಿನ ಹೆಣ್ಣುಮಕ್ಕಳಿಗೆ ಹೊಟ್ಟೆ, ಸೊಂಟ, ಪೆಲ್ವಿಸ್ ತೆಗೆಯುವ ಮುನ್ನ ಕೊನೆಯ ಮುಟ್ಟಿನ ದಿನಾಂಕ ಕೇಳಲೇಬೇಕು. ಅತ್ತೆ, ಗಂಡ ಎದುರಿಗಿರುವಾಗ ಕೇಳಬೇಡಿ. ಒಳಗೆ ಕರೆದು, ಬಾಗಿಲು ಹಾಕಿ, ಮೆಲುದನಿಯಲ್ಲಿ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

2. ಯಂತ್ರ ಮುಟ್ಟುವ ಮುನ್ನ ರೋಗಿಯನ್ನು ಸಿದ್ಧಗೊಳಿಸಿ

ಎರಡನೇ ಸಲ ತೆಗೆಯುವ ಎಕ್ಸ್‌ರೇ ಡೋಸನ್ನು ನೇರವಾಗಿ ಇಮ್ಮಡಿ ಮಾಡುತ್ತದೆ. ಕೆವಿ (ಕಿರಣದ ತೂರುವ ಶಕ್ತಿಯ ಅಂಕಿ), ಎಂಎಎಸ್ ಎಷ್ಟು ಜಾಣತನದಿಂದ ಆರಿಸಿದರೂ ಆ ನಷ್ಟ ತುಂಬುವುದಿಲ್ಲ. ಉದ್ದ ಜಡೆಯನ್ನು ಎತ್ತಿ ಕಟ್ಟಿಸಿ. ಹೆಗಲ ಮೇಲೆ ಬಿದ್ದ ಜಡೆ ಶ್ವಾಸಕೋಶದ ತುದಿಯಲ್ಲಿ ಕ್ಷಯದಂತೆ ಕಾಣುವ ನೆರಳು ಮೂಡಿಸುತ್ತದೆ. ಕರಿಮಣಿ, ತಾಯತ, ಸೊಂಟದ ಉಡಿದಾರ, ಪಿನ್ನು ಎಲ್ಲ ತೆಗೆಸಿ. ಕರಿಮಣಿ ತೆಗೆಯಲು ಹಿಂಜರಿದರೆ ಬಾಯಿಯಲ್ಲಿ ಕಚ್ಚಿಕೊಳ್ಳಲು ಹೇಳುವ ರೂಢಿ ನಮ್ಮಲ್ಲಿದೆ. ಎದೆಯ ಪರೀಕ್ಷೆಗೆ ಅಷ್ಟು ಸಾಕು, ಕುತ್ತಿಗೆಗೆ ಸಾಲದು. ಮಳೆಗಾಲದಲ್ಲಿ ಒದ್ದೆ ಬಟ್ಟೆಯ ಮಡಿಕೆಗಳೂ ಚಿತ್ರದಲ್ಲಿ ಗೆರೆ ಎಳೆಯುತ್ತವೆ, ಒಣ ಗೌನ್ ಕೊಡಿ.

ಉಸಿರಿನ ಸೂಚನೆಯನ್ನು ರೋಗಿಗೆ ತಿಳಿಯುವ ಮಾತಿನಲ್ಲೇ ಹೇಳಿ. ಮಲ್ಪೆಯ ಅಜ್ಜಿಗೆ ತುಳುವಿನಲ್ಲಿ ‘ಶ್ವಾಸ ದೆಪ್ಪುಲೆ, ಉಂತಾಲೆ’ (ಉಸಿರು ಎಳೆಯಿರಿ, ನಿಲ್ಲಿಸಿ) ಎಂದರೆ ತಕ್ಷಣ ಅರ್ಥವಾಗುತ್ತದೆ. ಕಟ್ಟಡದ ಕೆಲಸಕ್ಕೆ ಬಂದ ಹೊರರಾಜ್ಯದವರಿಗೆ ಹಿಂದಿ ಬೇಕು. ಎಕ್ಸ್‌ಪೋಶರ್‌ಗೆ ಮೊದಲು ಒಮ್ಮೆ ಅಭ್ಯಾಸ ಮಾಡಿಸಿ, ಅವರ ಎದೆ ಏರುವುದನ್ನು ಕಣ್ಣಾರೆ ನೋಡಿ ಬಟನ್ ಒತ್ತಿ.

3. ದೂರ, ಕಾಲಿಮೇಟರ್, ಗ್ರಿಡ್

ಎದೆಗೆ ಟ್ಯೂಬಿನಿಂದ ಚಿತ್ರ ಹಿಡಿಯುವ ಡಿಟೆಕ್ಟರಿಗೆ 180 ಸೆಂಟಿಮೀಟರ್, ಉಳಿದ ಹೆಚ್ಚಿನವಕ್ಕೆ 100ರಿಂದ 115. ದೂರ ಬದಲಾದರೆ ಡೋಸ್ ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂಬುದು ನೆನಪಿರಲಿ. 150 ಸೆಂಟಿಮೀಟರಿಗೆ ಸರಿಹೊಂದಿಸಿದ ಎಂಎಎಸ್ 180ಕ್ಕೆ 1.44 ಪಟ್ಟು ಬೇಕಾಗುತ್ತದೆ. ಗೋಡೆಯ ಮೇಲೆ ಗುರುತು ಹಾಕಿಡಿ, ಅಂದಾಜು ಬೇಡ.

ಕಿರಣ ಬೀಳುವ ಕ್ಷೇತ್ರವನ್ನು ಕಿರಿದಾಗಿಸುವ ಕಾಲಿಮೇಟರನ್ನು ಪೂರ್ತಿ ತೆರೆದಿಟ್ಟು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಅಂಚು ಕತ್ತರಿಸುವ ಚಾಳಿ ಡಿಜಿಟಲ್ ಯಂತ್ರಗಳೊಂದಿಗೆ ಬಂದಿದೆ. ಇದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಕತ್ತರಿಸಿದ್ದು ಚಿತ್ರವನ್ನು ಮಾತ್ರ. ವಿಕಿರಣ ಆಗಲೇ ದೇಹದೊಳಗೆ ಹೋಗಿದೆ, ಚದುರಿದ ಕಿರಣಗಳು ಆಗಲೇ ಚಿತ್ರವನ್ನು ಮಂಕು ಮಾಡಿವೆ. 35×43 ಸೆಂಟಿಮೀಟರ್ ಕ್ಷೇತ್ರವನ್ನು 30×35ಕ್ಕೆ ಇಳಿಸಿದರೆ ವಿಕಿರಣಕ್ಕೆ ಒಡ್ಡಿದ ವಿಸ್ತೀರ್ಣ ಶೇಕಡ 30ರಷ್ಟು ತಗ್ಗುತ್ತದೆ, ಕಾಂಟ್ರಾಸ್ಟ್ ಹೆಚ್ಚುತ್ತದೆ. ಡೋಸ್ ಇಳಿದು ಗುಣಮಟ್ಟ ಏರುವ ಇಂಥ ಉಪಾಯ ಈ ಕೆಲಸದಲ್ಲಿ ಬೇರೆ ಹೆಚ್ಚಿಲ್ಲ.

ಗ್ರಿಡ್ ಚದುರಿದ ಕಿರಣಗಳನ್ನು ತಡೆಯುತ್ತದೆ, ಜೊತೆಗೆ ಉಪಯೋಗಿ ಕಿರಣಗಳನ್ನೂ ಒಂದಷ್ಟು ನುಂಗುತ್ತದೆ. ಹೀಗಾಗಿ ಎಂಎಎಸ್ ಎರಡರಿಂದ ಐದು ಪಟ್ಟು ಹೆಚ್ಚು ಬೇಕು. 10-12 ಸೆಂಟಿಮೀಟರಿಗಿಂತ ದಪ್ಪದ ಭಾಗಕ್ಕೆ ಅದು ಬೇಕು. ಮಣಿಕಟ್ಟು, ಪಾದ, ಶಿಶುವಿನ ಎದೆಗೆ ಬೇಡ. ಬಕಿಯಿಂದ, ಅಂದರೆ ಗ್ರಿಡ್ ಕೂರಿಸುವ ತಟ್ಟೆಯಿಂದ, ಅದನ್ನು ತೆಗೆಯಲು ಸೋಮಾರಿತನ ಮಾಡಿದರೆ ಅದರ ಬೆಲೆ ಮಗುವಿನ ಮೈಮೇಲೆ ಬೀಳುತ್ತದೆ. ಗ್ರಿಡ್ ಮೇಲೆ ಬರೆದಿರುವ ಫೋಕಸ್ ದೂರವನ್ನೂ ನೋಡಿ. 100 ಸೆಂಟಿಮೀಟರಿನ ಗ್ರಿಡ್ಡನ್ನು 180ರಲ್ಲಿ ಬಳಸಿದರೆ ಚಿತ್ರದ ಎರಡೂ ಅಂಚು ಬಿಳಿಚುತ್ತವೆ. ಅದನ್ನು ವಿಕಿರಣದ ಕೊರತೆ ಎಂದು ತಿಳಿದು ಎಂಎಎಸ್ ಏರಿಸುವವರಿದ್ದಾರೆ.

4. ಮೊದಲು ಕೆವಿ, ಆಮೇಲೆ ಎಂಎಎಸ್

ಕೆವಿ ಕಿರಣದ ತೂರುವ ಶಕ್ತಿಯನ್ನೂ ಎಂಎಎಸ್ ಕಿರಣಗಳ ಪ್ರಮಾಣವನ್ನೂ ನಿರ್ಧರಿಸುತ್ತವೆ. ಎಂಎಎಸ್ ಇಮ್ಮಡಿಸಿದರೆ ಡೋಸ್ ಸರಿಯಾಗಿ ಇಮ್ಮಡಿ. ಕೆವಿ ಶೇಕಡ 15ರಷ್ಟು ಏರಿಸಿ ಎಂಎಎಸ್ ಅರ್ಧಕ್ಕಿಳಿಸಿದರೆ ಡಿಟೆಕ್ಟರಿಗೆ ತಲುಪುವ ವಿಕಿರಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ರೋಗಿಯ ಚರ್ಮಕ್ಕೆ ಬೀಳುವುದು ಮಾತ್ರ ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ. ಸೊಂಟಕ್ಕೆ 70 ಕೆವಿ, 40 ಎಂಎಎಸ್ ಕೊಡುತ್ತಿದ್ದರೆ 80 ಕೆವಿ, 20 ಎಂಎಎಸ್ ಪ್ರಯತ್ನಿಸಿ. ಕಾಂಟ್ರಾಸ್ಟ್ ತುಸು ಇಳಿಯುತ್ತದೆ, ಆದರೆ ಡಿಜಿಟಲ್ ಸಂಸ್ಕರಣೆ ಅದನ್ನು ಬಹುಮಟ್ಟಿಗೆ ಮರಳಿ ತರುತ್ತದೆ. ಫಿಲ್ಮಿನಲ್ಲಿ ಈ ಅನುಕೂಲ ಇರಲಿಲ್ಲ.

ಸಂಸ್ಕರಣೆಗೆ ತರಲಾಗದ ಒಂದಿದೆ: ಕಿರಣಗಳ ಸಂಖ್ಯೆ. ಸಿಮೆಂಟಿನ ಅಂಗಳದ ಮೇಲೆ ಮೊದಲ ಮಳೆಯ ಹನಿಗಳು ಬಿದ್ದಾಗ ಅಲ್ಲಲ್ಲಿ ಒದ್ದೆ, ಅಲ್ಲಲ್ಲಿ ಒಣ; ಮಳೆ ಜೋರಾದ ಮೇಲೆ ನೆಲವೆಲ್ಲ ಒಂದೇ ಬಣ್ಣ. ಡಿಟೆಕ್ಟರಿನ ಮೇಲೆ ಎಕ್ಸ್‌ರೇ ಫೋಟಾನುಗಳು ಬೀಳುವುದೂ ಹೀಗೆಯೇ. ಕಡಿಮೆಯಾದಾಗ ಕಾಣುವ ಕಾಳುಕಾಳು, ಅಂದರೆ ನಾಯ್ಸ್, ಅದರಿಂದಲೇ ಬರುವುದು. ಈ ನಾಯ್ಸನ್ನು ಅರ್ಧಕ್ಕಿಳಿಸಲು ಡೋಸ್ ನಾಲ್ಕು ಪಟ್ಟು ಬೇಕು. ಆದ್ದರಿಂದ ನುಣುಪಾದ ಚಿತ್ರದ ಆಸೆಗೆ ಬಿದ್ದರೆ ತೆರುವ ಬೆಲೆ ಬಹಳ ಬೇಗ ಏರುತ್ತದೆ.

ಸಾಕಷ್ಟು ವಿಕಿರಣ ತಲುಪಿದಾಗ ಎಕ್ಸ್‌ಪೋಶರನ್ನು ತಾನೇ ನಿಲ್ಲಿಸುವ ಎಇಸಿ ಇರುವ ಯಂತ್ರದಲ್ಲಿ ಯಾವ ಚೇಂಬರ್ (ವಿಕಿರಣ ಅಳೆಯುವ ಕೋಶ) ಎಂಬುದನ್ನು ಗಮನಿಸಿ. ಎದೆಗೆ ಬದಿಯ ಎರಡು, ಸೊಂಟಕ್ಕೆ ನಡುವಿನದು. ಸೊಂಟದ ಬದಿಯ ಚಿತ್ರದಲ್ಲಿ ಚೇಂಬರ್ ಬೆನ್ನಿನ ಹೊರಗಿನ ಗಾಳಿಯನ್ನು ನೋಡಿದರೆ ಎಕ್ಸ್‌ಪೋಶರ್ ಬೇಗ ನಿಲ್ಲುತ್ತದೆ. ಲೋಹದ ಕೃತಕ ಕೀಲಿನ ಮೇಲೆ ಬಿದ್ದರೆ ಬೇಕಿಲ್ಲದಷ್ಟು ಹೊತ್ತು ಓಡುತ್ತದೆ. ಕೃತಕ ಕೀಲಿರುವವರಿಗೆ ಎಇಸಿ ಬಿಟ್ಟು ಕೈಯಿಂದಲೇ ಅಂಕಿ ಕೊಡುವುದು ಒಳ್ಳೆಯದು.

5. ಚಿತ್ರ ಬಂದ ಕೂಡಲೇ ಅಂಕಿ ನೋಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಫಿಲ್ಮಿನ ಕಪ್ಪು-ಬಿಳುಪು ಹೇಳುತ್ತಿದ್ದುದನ್ನು ಈಗ ಎಕ್ಸ್‌ಪೋಶರ್ ಇಂಡೆಕ್ಸ್ ಹೇಳುತ್ತದೆ. ಪ್ರತಿ ಚಿತ್ರದ ಮೂಲೆಯಲ್ಲಿ ಅದು ಇರುತ್ತದೆ, ನೋಡುವವರು ಕಡಿಮೆ.

ಹಿಂದೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಫ್ಯೂಜಿಯ ಎಸ್ ಸಂಖ್ಯೆ ವಿಕಿರಣ ಹೆಚ್ಚಾದಂತೆ ಇಳಿಯುತ್ತದೆ. ಕೇರ್‌ಸ್ಟ್ರೀಮ್ ಸಿಆರ್‌ನಲ್ಲಿ (ಕ್ಯಾಸೆಟ್ಟಿನ ಪ್ಲೇಟನ್ನು ಆಮೇಲೆ ಯಂತ್ರ ಓದುವ ಬಗೆ) ವಿಕಿರಣ ಇಮ್ಮಡಿಸಿದಾಗ ಅಂಕಿ 300 ಏರುತ್ತದೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಕೆಲಸ ಬದಲಿಸಿದವರು ಎಡವುವುದು ಇಲ್ಲೇ. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 2008ರಲ್ಲಿ ಎಲ್ಲರಿಗೂ ಒಂದೇ ಮಾನದಂಡ ತಂದಿತು. ಅದರ ಪ್ರಕಾರ ಡಿಟೆಕ್ಟರಿಗೆ ತಲುಪಿದ ವಿಕಿರಣ ಇಮ್ಮಡಿಯಾದರೆ ಇಂಡೆಕ್ಸ್ ಕೂಡ ಇಮ್ಮಡಿ. ಪ್ರತಿ ಪರೀಕ್ಷೆಗೆ ಒಂದು ಗುರಿ ಅಂಕಿ ಇರುತ್ತದೆ. ಗುರಿಯಿಂದ ಎಷ್ಟು ದೂರ ಸರಿದಿದ್ದೇವೆ ಎಂಬುದನ್ನು ಡೀವಿಯೇಷನ್ ಇಂಡೆಕ್ಸ್, ಅಂದರೆ ಡಿಐ, ತೋರಿಸುತ್ತದೆ.

ಡಿಐ ಸೊನ್ನೆ ಎಂದರೆ ಗುರಿಗೆ ಸರಿಯಾಗಿ ತಲುಪಿದೆ. +1 ಎಂದರೆ ಶೇಕಡ 26 ಹೆಚ್ಚು. +3 ಎಂದರೆ ಇಮ್ಮಡಿ, −3 ಎಂದರೆ ಅರ್ಧ. ಡಿಐ +2 ಬಂದರೆ ಚಿತ್ರವನ್ನು ಮತ್ತೆ ತೆಗೆಯಬಾರದು. ಚಿತ್ರ ಚೆನ್ನಾಗಿಯೇ ಇದೆ, ಮುಂದಿನ ರೋಗಿಗೆ ಎಂಎಎಸ್ ಇಳಿಸಬೇಕು. −2 ಬಂದರೂ ತಕ್ಷಣ ಮತ್ತೆ ತೆಗೆಯಬೇಡಿ. ಪ್ರಶ್ನೆಗೆ ಉತ್ತರ ಸಿಗುತ್ತದೆಯೇ ಎಂದು ರೇಡಿಯಾಲಜಿಸ್ಟ್ ನೋಡಲಿ. −3ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಮತ್ತೆ ತೆಗೆಯಬೇಕಾಗುತ್ತದೆ.

ಅಂಕಿಯೂ ದಾರಿ ತಪ್ಪಿಸಬಹುದು. ಮೆನುವಿನಲ್ಲಿ ಹೊಟ್ಟೆ ಎಂದು ಆರಿಸಿ ಸೊಂಟ ತೆಗೆದರೆ ಗುರಿಯೇ ಬೇರೆ. ಕ್ಷೇತ್ರದೊಳಗೆ ಸೀಸದ ತುಂಡು, ಲೋಹದ ರಾಡ್ ಇದ್ದರೆ, ಒಂದೇ ಸಿಆರ್ ಕ್ಯಾಸೆಟ್‌ನಲ್ಲಿ ಎರಡು ಚಿತ್ರ ತೆಗೆದರೆ, ಕಾಲಿಮೇಟರಿನ ಅಂಚನ್ನು ಸಾಫ್ಟ್‌ವೇರ್ ಗುರುತಿಸದಿದ್ದರೆ ಲೆಕ್ಕ ತಪ್ಪುತ್ತದೆ. ಸಿಆರ್ ಕ್ಯಾಸೆಟ್ ಓದಲು ತಡವಾದಷ್ಟೂ ಸಂಕೇತ ಕ್ಷೀಣಿಸಿ ಅಂಕಿ ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು: ಈ ಅಂಕಿ ಡಿಟೆಕ್ಟರಿಗೆ ತಲುಪಿದ ವಿಕಿರಣದ್ದು, ರೋಗಿಯ ಡೋಸ್ ಅಲ್ಲ. ತೆಳ್ಳಗಿನವರಿಗೂ ದಪ್ಪಗಿನವರಿಗೂ ಡಿಐ ಸೊನ್ನೆ ಬಂದರೂ ಅವರ ಚರ್ಮಕ್ಕೆ ಬಿದ್ದ ವಿಕಿರಣದಲ್ಲಿ ಹಲವು ಪಟ್ಟು ವ್ಯತ್ಯಾಸ ಇರಬಹುದು. ಯಂತ್ರದಲ್ಲಿ ಡಿಎಪಿ (ಡೋಸ್ ಮತ್ತು ಕ್ಷೇತ್ರದ ವಿಸ್ತೀರ್ಣದ ಗುಣಲಬ್ಧ) ಮೀಟರ್ ಇದ್ದರೆ ಅದನ್ನೂ ಬರೆದಿಡಿ.

ಚಿತ್ರ ಮಸುಕು ಎಂಬ ದೂರು ಬಂದಾಗ ಅದನ್ನು ನೋಡಿದ್ದು ಎಲ್ಲಿ ಎಂದು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋ ಕುಗ್ಗಿ ವಿವರ ಕಳೆದುಕೊಂಡಿರುತ್ತದೆ. ಅದಕ್ಕೆ ಮದ್ದು ಮೂಲ ಫೈಲ್ ಕಳಿಸುವುದು.

6. ಮಕ್ಕಳಿಗೆ ಬೇರೆಯೇ ಪಟ್ಟಿ

ದೊಡ್ಡವರ ಅಂಕಿಯನ್ನು ಕಣ್ಣಳತೆಯಲ್ಲಿ ಇಳಿಸಿ ಮಕ್ಕಳಿಗೆ ಕೊಡಬಾರದು. ಬೆಳೆಯುವ ಜೀವಕೋಶಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ, ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. ವಯಸ್ಸಿಗಿಂತ ದೇಹದ ದಪ್ಪ ಮುಖ್ಯ, ಕ್ಯಾಲಿಪರ್ ಹಿಡಿದು ಅಳೆಯಿರಿ. ಎಕ್ಸ್‌ಪೋಶರ್ ಸಮಯ ಆದಷ್ಟು ಚಿಕ್ಕದಿರಲಿ, ಅಲುಗಾಟವೇ ಇಲ್ಲಿ ಮೊದಲ ಶತ್ರು. ಟ್ಯೂಬಿಗೆ 0.1 ಮಿಲಿಮೀಟರ್ ತಾಮ್ರದ ಫಿಲ್ಟರ್ ಹಾಕುವ ಸೌಲಭ್ಯವಿದ್ದರೆ ಬಳಸಿ. ಚಿತ್ರಕ್ಕೆ ಉಪಯೋಗವಿಲ್ಲದೆ ಚರ್ಮದಲ್ಲೇ ಉಳಿಯುವ ಮೃದು ಕಿರಣಗಳನ್ನು ಅದು ತಡೆಯುತ್ತದೆ. ಮಗುವನ್ನು ಹಿಡಿಯಲು ಅಪ್ಪನಿಗೋ ಅಮ್ಮನಿಗೋ ಏಪ್ರನ್ ಹಾಕಿಸಿ, ಅಮ್ಮ ಗರ್ಭಿಣಿಯಲ್ಲ ಎಂಬುದು ಖಚಿತವಾದ ಮೇಲೆ. ಸಿಬ್ಬಂದಿ ಹಿಡಿಯಬಾರದು.

ಬೆನ್ನಿನ ಡೊಂಕಿಗಾಗಿ ಮತ್ತೆ ಮತ್ತೆ ಬರುವ ಹುಡುಗಿಯರ ಚಿತ್ರವನ್ನು ಬೆನ್ನಿನ ಕಡೆಯಿಂದ, ಪಿಎ ಆಗಿ ತೆಗೆಯಿರಿ. ಸ್ತನಕ್ಕೆ ತಲುಪುವ ಡೋಸ್ ಬಹಳಷ್ಟು ಇಳಿಯುತ್ತದೆ. ಜನನಾಂಗದ ಮೇಲೆ ಸೀಸದ ತುಂಡು ಇಡುವ ಹಳೆಯ ಪದ್ಧತಿಯನ್ನು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ ವಾಡಿಕೆಯಾಗಿ ಮುಂದುವರಿಸಬಾರದು ಎಂದಿತು. ಅದು ನೋಡಬೇಕಾದ ಭಾಗವನ್ನೇ ಮುಚ್ಚಬಹುದು, ಎಇಸಿಯನ್ನು ತಪ್ಪು ದಾರಿಗೆ ಎಳೆಯಬಹುದು. ನಿಮ್ಮ ಸಂಸ್ಥೆಯ ನಿಯಮ ಏನೆಂದು ಕೇಳಿ ನಡೆಯಿರಿ.

7. ಯಂತ್ರ, ಮಳೆಗಾಲ, ಕಾಗದಪತ್ರ

ನಮ್ಮ ಗಾಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವೇ ತೇವ. ಹೆಚ್ಚಿನ ಡಿಆರ್ (ಚಿತ್ರವನ್ನು ನೇರವಾಗಿ ಕಂಪ್ಯೂಟರಿಗೆ ಕಳಿಸುವ) ಡಿಟೆಕ್ಟರುಗಳೊಳಗಿನ ಸೀಸಿಯಂ ಅಯೋಡೈಡ್ ತೇವ ಹೀರುವ ವಸ್ತು. ಅದನ್ನು ಮುಚ್ಚಿ ಭದ್ರಪಡಿಸಿದ್ದರೂ ಕೈಪಿಡಿಯಲ್ಲಿ ಹೇಳಿದ ತೇವಾಂಶದ ಮಿತಿ ಮೀರಬಾರದು. ಕೋಣೆಯಲ್ಲಿ ತೇವಮಾಪಕ ಇಡಿ. ಎಸಿ ಕೋಣೆಯಲ್ಲಿ ತಣ್ಣಗಿದ್ದ ಡಿಟೆಕ್ಟರನ್ನು ವಾರ್ಡಿಗೆ ಒಯ್ದಾಗ ಅದರ ಮೇಲೆ ನೀರಹನಿ ಕೂರಬಹುದು, ಒರೆಸಿ ಸ್ವಲ್ಪ ಕಾದು ಬಳಸಿ. ಕಂಪನಿ ಹೇಳಿದ ಅವಧಿಗೆ ಕ್ಯಾಲಿಬ್ರೇಷನ್ ಮಾಡದಿದ್ದರೆ ಗೆರೆ, ಕಲೆಗಳು ಹೆಚ್ಚಿ ಅದಕ್ಕಾಗಿಯೇ ಚಿತ್ರವನ್ನು ಮತ್ತೆ ತೆಗೆಯಬೇಕಾಗುತ್ತದೆ. ಸಿಆರ್ ಬಳಸುವವರು ಬೆಳಿಗ್ಗೆ ಮೊದಲು ಎಲ್ಲ ಪ್ಲೇಟುಗಳನ್ನು ಅಳಿಸಿ ಶುರುಮಾಡಬೇಕು. ಅವು ಸುತ್ತಲಿನ ಚದುರಿದ ವಿಕಿರಣವನ್ನೂ ಸಂಗ್ರಹಿಸಿಕೊಳ್ಳುತ್ತವೆ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಜಾಲತಾಣದಲ್ಲಿ ಯಂತ್ರದ ಪರವಾನಗಿ, ಎರಡು ವರ್ಷಕ್ಕೊಮ್ಮೆ ಗುಣಮಟ್ಟ ಪರೀಕ್ಷೆ, ಸಿಬ್ಬಂದಿಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇವು ಇರಲೇಬೇಕಾದವು. ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರದಂತೆ ಮಿತಿ ಇದೆ. ರೋಗಿಗೆ ಇಂಥ ಕಾನೂನಿನ ಮಿತಿ ಇಲ್ಲ. ಅವರನ್ನು ಕಾಯುವುದು ಬಟನ್ ಮೇಲೆ ಬೆರಳಿಟ್ಟವರ ವಿವೇಚನೆ. ಈ ಕೆಲಸವನ್ನು ನಾನು ಇಷ್ಟು ಗಂಭೀರವಾಗಿ ಕಾಣುವುದು ಅದಕ್ಕೇ.

8. ನಿಮ್ಮ ಕೇಂದ್ರದ್ದೇ ಎಕ್ಸ್‌ಪೋಶರ್ ಪಟ್ಟಿ ಮಾಡಿ

ಕಂಪನಿಯ ಎಂಜಿನಿಯರ್ ಯಂತ್ರ ಕೂರಿಸುವಾಗ ತುಂಬಿಸಿದ ಅಂಕಿಗಳು ಆರಂಭಕ್ಕೆ ಮಾತ್ರ. ಅವು ಹೆಚ್ಚಾಗಿ ದೂರು ಬಾರದಂತೆ ಧಾರಾಳವಾಗಿ ಇಟ್ಟವು.

ಮೊದಲು ಒಂದು ತಿಂಗಳು ಏನನ್ನೂ ಬದಲಿಸದೆ ಬರೆದಿಡಿ: ಪರೀಕ್ಷೆ, ದಪ್ಪ, ದೂರ, ಗ್ರಿಡ್, ಕೆವಿ, ಎಂಎಎಸ್, ಡಿಐ. ರಿಜೆಕ್ಟ್ ಮಾಡಿದ ಪ್ರತಿ ಚಿತ್ರವನ್ನೂ ಕಾರಣದೊಂದಿಗೆ ಬರೆಯಿರಿ, ಅಳಿಸಿ ಮರೆಯಬೇಡಿ. ಒಟ್ಟು ಚಿತ್ರಗಳಲ್ಲಿ ರಿಜೆಕ್ಟ್ ಶೇಕಡ 8ರ ಆಸುಪಾಸಿನಲ್ಲಿದ್ದರೆ ಸರಿ, 10 ದಾಟಿದರೆ ಕಾರಣ ಹುಡುಕಬೇಕು. ಭಂಗಿಯ ತಪ್ಪೇ ಹೆಚ್ಚು ಕಾಣಿಸಿದರೆ ಅದನ್ನು ಕೆವಿ ಬದಲಿಸಿ ಸರಿಪಡಿಸಲಾಗದು, ತರಬೇತಿ ಬೇಕು.

ತಿಂಗಳ ಕೊನೆಗೆ ಸೊಂಟದ ಎಲ್ಲ ಡಿಐಗಳನ್ನು ಒಟ್ಟಿಗೆ ನೋಡಿ. ಬಹುಪಾಲು +2ರ ಸುತ್ತ ಇದ್ದರೆ ಗುರಿ ತಲುಪುವವರೆಗೆ ಎಂಎಎಸ್ ಇಳಿಸುವುದಕ್ಕೆ ಯಾವ ಚರ್ಚೆಯೂ ಬೇಡ. ಎಲ್ಲವೂ ಸೊನ್ನೆಯ ಬಳಿಯೇ ಇದ್ದರೆ ಆ ಗುರಿಯೇ ಅಗತ್ಯಕ್ಕಿಂತ ಎತ್ತರದಲ್ಲಿದೆಯೇ ಎಂದು ಕೇಳಿಕೊಳ್ಳಬೇಕು. ಇದನ್ನು ರೋಗಿಯ ಮೇಲೆ ಪ್ರಯೋಗಿಸಿ ತಿಳಿಯಬಾರದು. 20 ಸೆಂಟಿಮೀಟರ್ ಆಳಕ್ಕೆ ನೀರು ತುಂಬಿದ ಪ್ಲಾಸ್ಟಿಕ್ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತೆಳು ತಂತಿ, ಸಣ್ಣ ಕಲ್ಲಿನ ಚೂರು ಇರಿಸಿ, ಎಂಎಎಸ್ ಪ್ರತಿ ಸಲ ಶೇಕಡ 25ರಷ್ಟು ಇಳಿಸುತ್ತ ತೆಗೆಯಿರಿ. ಯಾವ ಹಂತದಲ್ಲಿ ಚೂರು ಕಾಣದಾಗುತ್ತದೆ ಎಂಬುದನ್ನು ರೇಡಿಯಾಲಜಿಸ್ಟ್ ತಮ್ಮ ಮಾನಿಟರಿನಲ್ಲಿ ನೋಡಲಿ. ಕನ್ಸೋಲಿನ ಪರದೆ ಇದಕ್ಕೆ ಸಾಲದು, ಕೋಣೆಯ ದೀಪ ಉರಿಯುತ್ತಿದ್ದರಂತೂ ಇನ್ನೂ ಸಾಲದು. ಅವರಿಗೆ ಎಂಎಎಸ್ ಎಷ್ಟೆಂದು ಮೊದಲೇ ಹೇಳಬೇಡಿ. ಹೇಳಿದರೆ ಕಣ್ಣಿಗಿಂತ ಮೊದಲು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ.

ಆ ಹಂತಕ್ಕಿಂತ ಮೇಲಿನ ಸುರಕ್ಷಿತ ಮಟ್ಟವನ್ನು ಅವರ ಒಪ್ಪಿಗೆಯೊಂದಿಗೆ ಆರಿಸಿ, ಕೆಲವು ವಾರ ಆ ಅಂಕಿಯಲ್ಲಿ ಕೆಲಸ ಮಾಡಿ, ವರದಿ ಬರೆಯುವಾಗ ತೊಂದರೆಯಾಯಿತೇ ಎಂದು ವಿಚಾರಿಸಿ. ನಂತರವಷ್ಟೇ ಮುಂದಿನ ಪರೀಕ್ಷೆಗೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಪಟ್ಟಿಯನ್ನು ದಪ್ಪದ ಪ್ರಕಾರ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಸಾಲಾಗಿ ಬರೆದು, ರೇಡಿಯಾಲಜಿಸ್ಟ್ ಮತ್ತು ವಿಕಿರಣ ಸುರಕ್ಷತಾ ಅಧಿಕಾರಿಯ ಸಹಿ, ದಿನಾಂಕ ಹಾಕಿಸಿ ಕನ್ಸೋಲಿನ ಎದುರು ಅಂಟಿಸಿ. ರಾತ್ರಿ ಪಾಳಿಗೆ ಬರುವವರು, ರಜೆಯಲ್ಲಿ ನಿಮ್ಮ ಬದಲಿಗೆ ಬರುವವರು ಎಲ್ಲರೂ ಅದನ್ನೇ ಬಳಸಲಿ. ಟ್ಯೂಬ್, ಡಿಟೆಕ್ಟರ್ ಅಥವಾ ಸಾಫ್ಟ್‌ವೇರ್ ಬದಲಾದ ದಿನ ಹಳೆಯ ಪಟ್ಟಿಯನ್ನು ಗೋಡೆಯಿಂದ ತೆಗೆದು ಫೈಲಿಗೆ ಸೇರಿಸಿ, ನೀರಿನ ಪಾತ್ರೆಯಿಂದ ಮತ್ತೆ ಆರಂಭಿಸಿ.